ಗೆರೆಯೊಳಗಿನ ಐದು ಹಾಸಿಗೆ

ನಮ್ಮ ಊರಿಗೆ ಸಮುದ್ರವಿಲ್ಲ. ಹಡಗು ಮಾತ್ರ ಬರುತ್ತದೆ. ಪಡುವಣಕ್ಕೆ ಹುರುಳಿ ಹೊಲಗಳು ಮುಗಿಯುವ ಕಡೆ, ಹಳೆಯ ಸುಂಕದ ಕಟ್ಟೆಯ ಪಕ್ಕದಲ್ಲಿ, ಒಂದು ಬೆಳಿಗ್ಗೆ ಬಂದು ನಿಂತಿರುತ್ತದೆ. ನಲವತ್ತು ಕುಟುಂಬಗಳನ್ನು ಹತ್ತಿಸಿಕೊಂಡು ಹೋಗಿ ಹತ್ತೊಂಬತ್ತು ದಿನಕ್ಕೆ ವಾಪಸ್ಸು ತಂದು ಇಳಿಸುತ್ತದೆ. ಹೋಗಿಬಂದವರ ತಲೆಗೂದಲು ವಾರ ಕಳೆದರೂ ಉಪ್ಪುಪ್ಪಾಗಿರುತ್ತದೆ. ಮೈ ಕಪ್ಪಾಗಿ, ದನಿ ಸ್ವಲ್ಪ ಜೋರಾಗಿ, ಮನೆಯಂಗಳದಲ್ಲೂ ಕಾಲಗಲಿಸಿ ನಡೆಯುತ್ತಾರೆ.

ತೊಂದರೆ ಇರುವುದೆಲ್ಲ ವೇಳಾಪಟ್ಟಿಯದು. ಯಾವ ವರ್ಷ, ಯಾವ ತಿಂಗಳು ಎಂದು ಹಡಗು ಕಚೇರಿಯವರು ಮೊದಲೇ ಹೇಳುವುದಿಲ್ಲ. ಒಂದು ದಿನ ಕಚೇರಿಯ ಮುಂದಿನ ಹಲಗೆಗೆ ಹಾಳೆ ಅಂಟಿಸುತ್ತಾರೆ. ಅದಾದ ಐದನೆಯ ದಿನ ಹಡಗು ಹೊರಡುತ್ತದೆ. ಹಾಳೆ ನೋಡಿದ ಮೇಲೆ ತಯಾರಿಗೆ ಇಳಿದವರು ಯಾರೂ ಈವರೆಗೆ ಹತ್ತಿದ್ದಿಲ್ಲ. ಹಾಗಾಗಿ ನಮ್ಮಲ್ಲಿ ಜನ ಸದಾ ಹೊರಡುವ ತಯಾರಿಯಲ್ಲೇ ಇರುತ್ತಾರೆ. ಮದುವೆ ಕಾಗದದ ಕೊನೆಯಲ್ಲಿ, ಹಡಗು ಬಂದಲ್ಲಿ ಮುಂದಿನ ಮುಹೂರ್ತಕ್ಕೆ ಎಂದು ಅಚ್ಚಾಗಿರುತ್ತದೆ. ಮಕ್ಕಳ ಹಡಗಿನ ಬಟ್ಟೆಯನ್ನು ದರ್ಜಿ ಎರಡು ಅಳತೆ ದೊಡ್ಡದಾಗಿ ಹೊಲಿಯುತ್ತಾನೆ. ನೀರಿನ ನಡುವೆ ನೋವು ಬಂದರೆ ಏನು ಗತಿ ಎಂದು ಹಲ್ಲಿನ ಡಾಕ್ಟರ ಬಳಿ ಜನ ನೋವಿಲ್ಲದ ಹಲ್ಲು ಕೀಳಿಸಿಕೊಳ್ಳುತ್ತಾರೆ. ಯಾರ ಮನೆಯಲ್ಲೂ ಎರಡು ದಿನಕ್ಕಾಗುವಷ್ಟು ದೋಸೆ ಹಿಟ್ಟು ರುಬ್ಬುವುದಿಲ್ಲ.

ಉಮಾಪತಿ ನಮ್ಮ ಮದುವೆಯಾದ ಎಂಟನೆಯ ದಿನ ಅರ್ಜಿ ಹಾಕಿದ್ದ. ದುಂಡು ಕಿಟಕಿ ಇರುವ, ಐದು ಹಾಸಿಗೆಯ ಕೋಣೆ. ಕಿಟಕಿಯ ಕೆಳಗೆ ಒಂಟಿ ಹಾಸಿಗೆ, ಅದು ಮಾವನಿಗೆ. ಇನ್ನು ನಾಲ್ಕು, ಒಂದರ ಮೇಲೊಂದರಂತೆ ಎರಡು ಜೋಡಿ. ಒಂದು ಜೋಡಿಯಲ್ಲಿ ಕೆಳಗೆ ಅತ್ತೆ, ಮೇಲೆ ಅವನ ಅಕ್ಕ ದಾಕ್ಷಾಯಿಣಿ. ಇನ್ನೊಂದರಲ್ಲಿ ಕೆಳಗೆ ಅವನು, ಮೇಲೆ ನಾನು. ಹಡಗು ಕಚೇರಿಯ ನಿಯಮದಂತೆ ಜೋಡಿ ಹಾಸಿಗೆ ಕೆಳಗಿನವರ ಹೆಸರಿನಲ್ಲಿರುತ್ತದೆ, ಮೇಲಿನವರು ಅವರ ಲೆಕ್ಕಕ್ಕೆ ಸೇರಿದವರು. 'ನೀಲಾಂಬಿಕೆ, ಉಮಾಪತಿಯ ಹೆಸರಿನಲ್ಲಿ' ಎಂದು ಅವನೇ ದುಂಡಗೆ ಬರೆದಿದ್ದ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಹಳೆಯ ಕಾಗದಪತ್ರಗಳಲ್ಲಿ ಇಂಥ ಸಾಲುಗಳನ್ನು ಸಾಕಷ್ಟು ಓದಿದ್ದೆ. ಆ ದಿನ ಅದು ಚೆನ್ನಾಗಿಯೇ ಕಂಡಿತ್ತು.

ಹೋದ ವರ್ಷ ಫಾಲ್ಗುಣದಲ್ಲಿ ಅವನು ತೀರಿಕೊಂಡ. ಮೂರು ದಿನದ ಜ್ವರ. ಅದರ ಬಗ್ಗೆ ಹೇಳುವುದು ಅಷ್ಟೇ.

ಹದಿನಾಲ್ಕು ತಿಂಗಳ ನಂತರ ಹಡಗು ಕಚೇರಿಯಿಂದ ಕಾಗದ ಬಂತು. ಮುಂದಿನ ಯಾನಕ್ಕೆ ನಿಮ್ಮ ಸರದಿ ಇದೆ, ಗೆರೆವಾಸ ಮಾಡಿಕೊಳ್ಳತಕ್ಕದ್ದು ಎಂದಿತ್ತು. ಗೆರೆವಾಸ ಎಂದರೆ, ಸರದಿ ಬಂದ ಕುಟುಂಬ ತನ್ನ ಹಡಗಿನ ಕೋಣೆಯನ್ನು ಮನೆಯ ನಡುಮನೆಯಲ್ಲಿ ರಂಗೋಲಿ ಪುಡಿಯಿಂದ ಅಳತೆಗೆ ಸರಿಯಾಗಿ ಬರೆದು, ಮೂರು ಹಗಲು ಆ ಗೆರೆಯೊಳಗೇ ಇರಬೇಕು. ಸ್ನಾನ, ಪಾಯಿಖಾನೆಗೆ ಮಾತ್ರ ರಿಯಾಯಿತಿ. ಆ ಮೂರು ದಿನದಲ್ಲಿ ಯಾವಾಗಲೋ ಒಮ್ಮೆ ಕಚೇರಿಯ ಅಳತೆಗಾರ ಮಾಯಿಗೌಡರು ಟೇಪು ಹಿಡಿದು ಬರುತ್ತಾರೆ. ಗೆರೆ ಅಳೆದ ಮೇಲೆ ಒಂದೊಂದೇ ಹಾಸಿಗೆಗೆ ಕೋಲು ತೋರಿಸಿ, ಇದು ಯಾರದು ಎಂದು ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಯಾರೂ ಯಾರ ಮುಖವನ್ನೂ ನೋಡದೆ ಎಲ್ಲರೂ ಒಂದೇ ಉತ್ತರ ಕೊಡಬೇಕು. ಒಂದು ಹಾಸಿಗೆಗೆ ಎರಡು ಉತ್ತರ ಬಂದರೆ, ಅಥವಾ ಒಂದು ಹಾಸಿಗೆ ಯಾರದೂ ಅಲ್ಲದಿದ್ದರೆ, ಸರದಿ ಹನ್ನೊಂದು ವರ್ಷ ಹಿಂದಕ್ಕೆ ಹೋಗುತ್ತದೆ. ಕಬ್ಬಿಣದಂಗಡಿಯ ಚಂದ್ರಪ್ಪನವರ ಮನೆಯಲ್ಲಿ ಕಿಟಕಿಯ ಹಾಸಿಗೆಗೆ ಗಂಡ ನನ್ನದು ಎಂದರು, ಹೆಂಡತಿಯೂ ನನ್ನದು ಎಂದರು. ಅವರು ಈಗಲೂ ಮಗಳ ಮೂಲಕವೇ ಮಾತಾಡಿಕೊಳ್ಳುತ್ತಾರೆ.

ನಮ್ಮ ಕಷ್ಟ ಯಾರಿಗೂ ಬಿಡಿಸಿ ಹೇಳಬೇಕಾದ್ದಿರಲಿಲ್ಲ. ಕೆಳಗಿನವನಿಲ್ಲ, ಆದ್ದರಿಂದ ಮೇಲಿನವಳೂ ಇಲ್ಲ. ಅದಕ್ಕೆ ಕಚೇರಿಯಲ್ಲಿ ಇಳಿಕೆ ಪತ್ರ ಎಂದು ಒಂದು ನಮೂನೆ ಸಿಗುತ್ತದೆ. ನಾನು ಸಹಿ ಹಾಕಿ ಕೊಟ್ಟರೆ ಆ ಜೋಡಿ ತೆಗೆದು, ಉಳಿದ ಮೂವರಿಗೆ ಮೂರು ಹಾಸಿಗೆಯ ಕೋಣೆ ಕೊಡುತ್ತಾರೆ. ಕಿಟಕಿ ಇರುವುದಿಲ್ಲ, ಆದರೆ ಸರದಿ ತಪ್ಪುವುದಿಲ್ಲ. ವೇಳಾಪಟ್ಟಿ ಅಂಟಿಸುವ ಮೊದಲು ಅದು ಅಳತೆಗಾರರ ಕೈ ಸೇರಬೇಕು. ನಾನೇ ಹೋಗಿ ನಮೂನೆ ತಂದು, ಸಹಿ ಹಾಕಿ, ಮಾವನ ಕೈಗೆ ಕೊಟ್ಟೆ. ಮಾವನ ಹೆಸರು ಪುಟ್ಟಬಸಪ್ಪ, ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹಾಳೆಯನ್ನು ಎರಡು ಸಲ ಓದಿದರು. ನೀನೇನು ಮಾಡ್ತೀಯಮ್ಮ ಎಂದು ಕೇಳಿದರು. ಮನೆ ನೋಡಿಕೊಂಡು ಇರುತ್ತೇನೆ, ಗಿಡಕ್ಕೆ ನೀರು ಹಾಕಬೇಕಲ್ಲ ಎಂದೆ. ಅವರು ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ನನಗೆ ಬೇಸರವೇನೂ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ.

ಗೆರೆವಾಸದ ಮುಂಜಾನೆ ಮಾವ ಬಾಗಿಲು ಹಾಕಿಕೊಂಡು ಒಬ್ಬರೇ ಕೋಣೆ ಬರೆದರು. ಸರ್ವೆಯವರಲ್ಲವೇ, ಗೆರೆ ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ. ಆದರೆ ಎರಡು ತಪ್ಪುಗಳಾಗಿದ್ದವು. ಒಂದು, ಕೋಣೆಯ ಬಾಗಿಲನ್ನು ಬಚ್ಚಲಿನ ಕಡೆಗೆ ಬರೆಯುವ ಬದಲು ದೇವರ ಮನೆಯ ಕಡೆಗೆ ಬರೆದಿದ್ದರು. ಒಮ್ಮೆ ಬರೆದ ಬಾಗಿಲನ್ನು ಬದಲಾಯಿಸುವಂತಿಲ್ಲ. ಆದ್ದರಿಂದ ಮೂರು ದಿನವೂ ಬಚ್ಚಲಿಗೆ ಹೋಗುವವರು ದೇವರ ಮನೆಯಲ್ಲಿ ಕೈಮುಗಿದು, ಅದರ ಹಿಂದಿನ ಬಾಗಿಲಿನಿಂದ ಹಿತ್ತಲಿಗಿಳಿದು, ತೊಂಡೆ ಚಪ್ಪರ ಸುತ್ತಿಕೊಂಡು ಹೋಗಬೇಕಾಯಿತು. ಎರಡು, ಅವರು ಐದು ಹಾಸಿಗೆ ಬರೆದಿದ್ದರು.

ಇದನ್ನು ತಪ್ಪು ಎನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನಮ್ಮೂರಿನ ಪದ್ಧತಿಯಲ್ಲಿ ಕೆಳಗಿನ ಹಾಸಿಗೆಯನ್ನು ಬಿಳಿ ಪುಡಿಯಲ್ಲಿ, ಮೇಲಿನದನ್ನು ಅದರ ಒಳಗೇ ಕೆಮ್ಮಣ್ಣಿನಲ್ಲಿ ಬರೆಯುತ್ತಾರೆ. ನೆಲದಲ್ಲಿ ಮೇಲೂ ಕೆಳಗೂ ಒಂದೇ ಜಾಗ. ಹಾಗಾಗಿ ನನ್ನ ಕೆಂಪು ಹಾಸಿಗೆ ಅವನ ಬಿಳಿ ಹಾಸಿಗೆಯೊಳಗೆ ಇತ್ತು. ಅತ್ತೆ ಅದನ್ನು ನೋಡಿದರು. ದಾಕ್ಷಾಯಿಣಿ ನೋಡಿದಳು. ಮಾವ ಪುಡಿಯ ಡಬ್ಬಿಗೆ ಮುಚ್ಚಳ ಹಾಕುತ್ತಾ, "ಎಲ್ರೂ ಹತ್ಕೊಳ್ಳಿ" ಎಂದರು. ನಾವು ಹತ್ತಿದೆವು. ನಾನು ಹೋಗಿ ಕೆಂಪು ಗೆರೆಯೊಳಗೆ ಕೂತೆ. ಮೂರೇ ದಿನದ ಮಾತು, ಅಳತೆಗಾರರು ಬಂದಾಗ ಮಾವ ಪತ್ರ ಕೊಟ್ಟರೆ ಎರಡು ಗೆರೆಯನ್ನೂ ಅವರೇ ಒರೆಸಿಕೊಂಡು ಹೋಗುತ್ತಾರೆ ಎಂದುಕೊಂಡೆ.

ಅತ್ತೆ ಚೆನ್ನಾಜಮ್ಮನವರಿಗೆ ಗೆರೆವಾಸ ಒಂದು ಹಬ್ಬ. ಊಟದ ಡಬ್ಬಿಗಳು, ನೂಲಿನುಂಡೆ, ಚೌಕಾಬಾರದ ಹಲಗೆ, ಎಲ್ಲ ಮೊದಲೇ ಒಳಗೆ ಬಂದು ಕೂತಿದ್ದವು. ದಾಕ್ಷಾಯಿಣಿ ಕಾಲೇಜಿಗೆ ಮೂರು ದಿನ ರಜೆ ಹಾಕಿದ್ದಳು, ಅವಳು ಅಲ್ಲಿ ಗಣಿತ ಪಾಠ ಮಾಡುವವಳು. ಅವಳದೂ ಮೇಲಿನ ಹಾಸಿಗೆಯಾದ್ದರಿಂದ ತಾಯಿಯೂ ಮಗಳೂ ಒಂದೇ ಚೌಕದಲ್ಲಿ ಮಂಡಿಗೆ ಮಂಡಿ ತಗುಲಿಸಿ ಕೂರಬೇಕಿತ್ತು. ಕುಕ್ಕರ್ ಒಯ್ಯಬೇಕೋ ಬೇಡವೋ ಎಂದು ಇಬ್ಬರಿಗೂ ಬೆಳಗಿನಿಂದಲೇ ಶುರುವಾಯಿತು. ಹಡಗಿನಲ್ಲಿ ಊಟ ಕೊಡುತ್ತಾರೆ ಎಂದು ಮಗಳು, ಕೊಡುವವರು ಬೇಳೆ ಬೇಯಿಸಿ ಕೊಡುತ್ತಾರೆಂದು ಏನು ಗ್ಯಾರಂಟಿ ಎಂದು ತಾಯಿ. ಮಧ್ಯೆ ಮಾವ, ಯಾರೂ ಕಿಟಕಿ ತುಳಿಯಬೇಡಿ, ಆಮೇಲೆ ಸಮುದ್ರಕ್ಕೆ ಬಿದ್ದರೆ ನಾನು ಜವಾಬ್ದಾರನಲ್ಲ ಎನ್ನುತ್ತಿದ್ದರು. ಕಿಟಕಿಯೂ ನೆಲದ ಮೇಲೇ ಇತ್ತು, ರೊಟ್ಟಿಯ ಹೆಂಚಿನಷ್ಟು ಅಗಲದ ದುಂಡು ಗೆರೆ. ಮಾವ ಆಗಾಗ ಬಗ್ಗಿ ಅದರೊಳಗೆ ನೋಡುತ್ತಿದ್ದರು.

ಗೆರೆವಾಸದ ಮನೆಗೆ ನೆಂಟರಿಷ್ಟರು ಬಂದು, ಗೆರೆಯ ಆಚೆ ಕೂತು ಮಾತಾಡಿಸಿ ಹೋಗುವುದು ವಾಡಿಕೆ. ಮೊದಲ ದಿನ ಮಧ್ಯಾಹ್ನ ಎದುರು ಮನೆಯ ಕೆಂಚವ್ವ ಬಂದರು. ಅವರದೂ ಇದೇ ಯಾನದಲ್ಲಿ ಸರದಿ. ಗೆರೆಯಂಚಿಗೆ ಕೂತು ಅತ್ತೆಯ ಜೊತೆ ಚಕ್ಕುಲಿ ಕೆಡುವುದು ಎಷ್ಟು ದಿನಕ್ಕೆ ಎಂದು ಚರ್ಚೆ ಮಾಡಿದರು. ಎದ್ದು ಹೊರಡುವಾಗ ನನ್ನ ಕಡೆ ತಿರುಗಿ, ನೀನು ಹೋಗ್ತಿಲ್ಲವಂತಲ್ಲ, ನಮ್ಮನೆ ತುಳಸಿಗೂ ಒಂದು ಚೊಂಬು ನೀರು ಹಾಕ್ತೀಯೇನಮ್ಮ ಎಂದು ಕೇಳಿದರು. ಆಗಲಿ ಎಂದೆ. ಬೀಗದ ಕೈ ಗೆರೆ ದಾಟಿಸಿ ಕೊಟ್ಟರು.

ಸಂಜೆಯೊಳಗೆ ಸುದ್ದಿ ಹರಡಿತು. ಉಳಿಯುವವಳೊಬ್ಬಳು ಸಿಕ್ಕಿದ್ದಾಳೆ ಎಂದು ಸರದಿಯವರೆಲ್ಲ ಒಬ್ಬೊಬ್ಬರೇ ಬರತೊಡಗಿದರು. ಎರಡನೆಯ ದಿನ ಊಟದ ಹೊತ್ತಿಗೆ ನನ್ನ ಕೆಂಪು ಹಾಸಿಗೆಯ ಮೇಲೆ ಹನ್ನೊಂದು ಮನೆಯ ಬೀಗದ ಕೈಗಳಿದ್ದವು. ಒಬ್ಬರು ಮೂರು ಬೆಕ್ಕುಗಳ ಹೆಸರು ಬರೆದುಕೊಟ್ಟರು. ಇನ್ನೊಬ್ಬರು ಗಿಣಿಯನ್ನು ತಂದು ಪರಿಚಯ ಮಾಡಿಸಿದರು. ಅದು ಮಾತಾಡುವುದಿಲ್ಲ, ಆದರೆ ನಾವು ಮಾತಾಡಿಸಬೇಕು, ಇಲ್ಲವಾದರೆ ಪುಕ್ಕ ಕಿತ್ತುಕೊಳ್ಳುತ್ತದೆ ಎಂದರು. ನಾಲ್ಕು ಮನೆಯ ಹೆಪ್ಪು ಬಂತು. ಪ್ರತಿಯೊಂದನ್ನೂ ದಿನ ಬಿಟ್ಟು ದಿನ ಹೊಸ ಹಾಲಿಗೆ ಹಾಕಬೇಕು, ಒಂದರ ಹೆಪ್ಪು ಇನ್ನೊಂದಕ್ಕೆ ಬೆರೆಯಬಾರದು, ಏಕೆಂದರೆ ಅವರಲ್ಲಿ ಇಬ್ಬರು ಓರಗಿತ್ತಿಯರಿಗೆ ಒಬ್ಬರಿಗೊಬ್ಬರು ಆಗಿಬರುವುದಿಲ್ಲ. ಚಂದ್ರಪ್ಪನವರ ಮಗಳು ಕೂಡ ಬಂದು, ನಾವು ಹೇಗೂ ಹೋಗುವುದಿಲ್ಲ, ಆದರೆ ನೀವು ಹೇಗೂ ಎಲ್ಲರ ಮನೆಗೂ ಹೋಗುತ್ತೀರಲ್ಲ, ಸಂಜೆ ನಮ್ಮ ಅಪ್ಪ ಅಮ್ಮನ ನಡುವೆ ಸ್ವಲ್ಪ ಮಾತು ದಾಟಿಸಿಕೊಟ್ಟರೆ ನನಗೆ ಓದಿಕೊಳ್ಳಲು ಬಿಡುವಾಗುತ್ತದೆ ಎಂದಳು.

ನಾನು ಎಲ್ಲದಕ್ಕೂ ಆಗಲಿ ಎಂದೆ. ಒಂದು ಪಟ್ಟಿ ಕೂಡ ಮಾಡಿದೆ, ಅಕ್ಷರ ಚೆನ್ನಾಗಿಯೇ ಬಂತು. ದಾಕ್ಷಾಯಿಣಿ ಅದನ್ನು ಇಣುಕಿ ನೋಡಿ, ಬೆಳಿಗ್ಗೆ ಐದಕ್ಕೆ ಹೊರಟರೂ ನೀನು ಮನೆಗೆ ಬರುವಾಗ ಮಧ್ಯಾಹ್ನ ಎರಡಾಗುತ್ತದೆ, ಗಿಣಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಲಾಗುವುದಿಲ್ಲ ಎಂದು ಲೆಕ್ಕ ಹಾಕಿ ಹೇಳಿದಳು. ಅತ್ತೆ ನೂಲು ಸುತ್ತುತ್ತಿದ್ದವರು ನಿಲ್ಲಿಸಿ ನನ್ನನ್ನು ನೋಡಿದರು. ಏನೋ ಹೇಳಲು ಹೊರಟವರು ಕುಕ್ಕರಿನ ಮಾತು ತೆಗೆದರು.

ಮೂರನೆಯ ದಿನ ಹತ್ತು ಗಂಟೆಗೆ ಕೆಂಚವ್ವ ಮತ್ತೆ ಬಂದರು. ಕಂಕುಳಲ್ಲಿ ಒಂದು ಕೋಳಿ. ಮುದಿಯಾಗಿ ಎರಡೂ ಕಣ್ಣು ಹೋಗಿದ್ದವು, ಆದರೆ ಮನೆಯವರು ಪ್ರೀತಿಯಿಂದ ಸಾಕಿದ್ದು. ಅದನ್ನು ನನ್ನ ಮಡಿಲಲ್ಲಿ ಕೂರಿಸಿದರು. ಇವಳಿಗೆ ಒಬ್ಬಳೇ ಇದ್ದು ಅಭ್ಯಾಸವಿಲ್ಲ, ಹಗಲು ನಿನ್ನ ಜೊತೆಯಲ್ಲೇ ಇಟ್ಟುಕೋ ಎಂದರು. ಆಮೇಲೆ ಬಹಳ ಮಮತೆಯಿಂದ ನನ್ನ ತಲೆ ಸವರಿ ಹೇಳಿದರು. "ಒಳ್ಳೇದಾಯ್ತು ಬಿಡವ್ವ. ನಿಂಗೂ ಒಂದು ಜೊತೆ ಆಯ್ತು. ಇನ್ನು ಮೇಲೆ ಪ್ರತಿ ಸಲ ಹಡಗು ಬಂದಾಗ್ಲೂ ಊರಿನೋರಿಗೆ ಯೋಚನೆ ಇಲ್ಲ."

ಕೋಳಿ ಬೆಚ್ಚಗಿತ್ತು. ಅದು ಕತ್ತು ಓರೆ ಮಾಡಿ ನನ್ನ ಉಸಿರು ಕೇಳಿಸಿಕೊಳ್ಳುತ್ತಿತ್ತು. ಪ್ರತಿ ಸಲ ಎಂದರೆ ಎಷ್ಟು ಸಲ ಎಂದು ನಾನು ಎಣಿಸಿದೆ. ನನಗೆ ಇಪ್ಪತ್ತೊಂಬತ್ತು. ಹಡಗು ಎರಡು ವರ್ಷಕ್ಕೊಮ್ಮೆ ಬಂದರೂ ಇಪ್ಪತ್ತು ಸಲ, ಇಪ್ಪತ್ತೈದು ಸಲ. ಪ್ರತಿ ಸಲವೂ ನಲವತ್ತು ಮನೆಯ ಬೀಗದ ಕೈಗಳು. ಎದೆಯ ಕೆಳಗೆ ಏನೋ ಸುಡತೊಡಗಿತು. ಬೆಳಗಿನ ಉಪ್ಪಿಟ್ಟಿಗೆ ಮೆಣಸಿನಕಾಯಿ ಜಾಸ್ತಿಯಾಗಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅದು ಸಿಟ್ಟು ಎಂದು ಗುರುತಾಯಿತು. ಕೆಂಚವ್ವನ ಮೇಲಲ್ಲ, ಕೋಳಿಯ ಮೇಲಂತೂ ಅಲ್ಲ. ಯಾರ ಮೇಲೆ ಎಂದು ಹುಡುಕುವ ಹೊತ್ತಿಗೆ ಬೀದಿಯಲ್ಲಿ ಮಾಯಿಗೌಡರ ಸೈಕಲ್ಲಿನ ಗಂಟೆ ಕೇಳಿಸಿತು. ಕೆಂಚವ್ವ ಸರ್ರನೆ ಎದ್ದು, ಕೋಳಿಯನ್ನು ಎತ್ತಿಕೊಂಡು ಹಿತ್ತಲ ಕಡೆಯಿಂದ ಹೊರಟುಹೋದರು. ಅಳತೆಗಾರರು ಬಂದಾಗ ಹೊರಗಿನವರು ಇರುವಂತಿಲ್ಲ.

ಮಾಯಿಗೌಡರು ಐವತ್ತು ದಾಟಿದವರು, ದಪ್ಪ ಮೀಸೆ, ತೆಳು ದನಿ. ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಗೆರೆ ಅಳೆದರು. ಬಾಗಿಲು ದೇವರ ಮನೆಯ ಕಡೆ ಇರುವುದನ್ನು ನೋಡಿ ಮಾವನ ಮುಖ ನೋಡಿದರು, ಮಾವ ಚಾವಣಿ ನೋಡಿದರು. ಆಮೇಲೆ ಅವರು ಕೋಲು ಎತ್ತಿಕೊಂಡರು. ಕಿಟಕಿಯ ಹಾಸಿಗೆ ಯಾರದು ಎಂದಾಗ ನಾವು ನಾಲ್ವರೂ ಒಬ್ಬರಾದ ಮೇಲೊಬ್ಬರು ಪುಟ್ಟಬಸಪ್ಪನವರದು ಎಂದೆವು. ಮೊದಲ ಜೋಡಿಯ ಕೆಳಗಿನದು ಚೆನ್ನಾಜಮ್ಮನದು, ಮೇಲಿನದು ದಾಕ್ಷಾಯಿಣಿಯದು. ಎಲ್ಲ ಸಲೀಸಾಗಿ ಹೋಯಿತು. ಮಾಯಿಗೌಡರು ಪುಸ್ತಕದಲ್ಲಿ ಗುರುತು ಹಾಕಿಕೊಂಡು ನನ್ನ ಕಡೆ ಬಂದರು.

ಮಾವ ಜೇಬಿಗೆ ಕೈ ಹಾಕಿದರು. ಇಳಿಕೆ ಪತ್ರದ ತುದಿ ಹೊರಗೆ ಕಂಡಿತು. ಅವರು ಅದನ್ನು ಕೊಟ್ಟರೆ ಮೂವರ ಪ್ರಯಾಣ ಖಚಿತ. ಕೊಡದಿದ್ದರೆ ಬಿಳಿ ಗೆರೆಗೆ ನಾವು ನಾಲ್ವರೂ ಒಂದೇ ಉತ್ತರ ಹೇಳಬೇಕು, ಆ ಉತ್ತರವನ್ನು ನಾವು ಮೂರು ದಿನದಲ್ಲಿ ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಅತ್ತೆಯ ತುಟಿ ಆಗಲೇ ಮಗನ ಹೆಸರಿಗೆ ಸಜ್ಜಾಗಿದ್ದದ್ದು ನನಗೆ ಕಾಣುತ್ತಿತ್ತು. ಹಾಗೆ ಹೇಳಿದ್ದರೆ, ಇಲ್ಲದವರ ಹೆಸರು ಹೇಳಿದರೆಂದು ಹನ್ನೊಂದು ವರ್ಷ. ಆಗ ಮಾವನಿಗೆ ಎಂಬತ್ತು.

ಕೋಲು ಬಿಳಿ ಗೆರೆಯ ಮೇಲೆ ನಿಂತಿತು. "ಇದು ಯಾರ್ದು?"

ಕೇಳಿದ್ದು ಮಾವನನ್ನು. ಉತ್ತರಿಸಿದ್ದು ನಾನು. "ನನ್ನದು."

"ಕೆಳಗಿಂದು ಕೇಳ್ತಾ ಇರೋದು ತಾಯಿ."

"ಕೆಳಗಿನದೇ. ನನ್ನದು."

ಮಾಯಿಗೌಡರು ಪುಸ್ತಕದ ಪುಟ ನೋಡಿದರು. ಆಮೇಲೆ ಕೋಲನ್ನು ಎರಡಂಗುಲ ಒಳಗೆ ತಂದು ಕೆಂಪು ಗೆರೆಯ ಮೇಲಿಟ್ಟು, ಹಾಗಿದ್ರೆ ಇದು ಎಂದರು. ಅದೂ ನನ್ನದು ಎಂದೆ. ನನ್ನ ದನಿ ಕೆಂಚವ್ವನ ಮನೆಗೂ ಕೇಳಿಸುವಷ್ಟು ಜೋರಾಗಿತ್ತು. ಎದೆಯ ಕೆಳಗಿನ ಉರಿ ಆಗ ತಲೆಯವರೆಗೂ ಏರಿತ್ತು.

ಅವರು ಕೋಲನ್ನು ಅಲ್ಲೇ ಹಿಡಿದು ಮಾವನ ಕಡೆ ತಿರುಗಿದರು. ಮಾವ ಜೇಬಿನಿಂದ ಪತ್ರ ಹೊರಗೆ ತೆಗೆದರು. ಅದನ್ನೊಮ್ಮೆ ನೋಡಿ, ಈ ಸಲ ಸೆಕೆ ಜಾಸ್ತಿ ಅಲ್ವಾ ಗೌಡ್ರೇ ಎಂದು ಅದರಿಂದಲೇ ಗಾಳಿ ಬೀಸಿಕೊಳ್ಳತೊಡಗಿದರು. ಎರಡೂ ನೀಲಾಂಬಿಕೆಯದು ಎಂದರು. ದಾಕ್ಷಾಯಿಣಿ ಎರಡೂ ಅವಳದೇ ಎಂದಳು, ತರಗತಿಯಲ್ಲಿ ಲೆಕ್ಕದ ಉತ್ತರ ಹೇಳುವ ದನಿಯಲ್ಲಿ. ಉಳಿದವರು ಅತ್ತೆ. ಅವರ ಕೈಯಲ್ಲಿದ್ದ ನೂಲಿನುಂಡೆ ಜಾರಿ ಬಿಳಿ ಗೆರೆಯವರೆಗೆ ಉರುಳಿ ಅಲ್ಲೇ ನಿಂತಿತು. ಅದನ್ನು ಅವರು ಎತ್ತಿಕೊಳ್ಳಲಿಲ್ಲ. ಮಗನ ಹೆಸರನ್ನು ನುಂಗುವುದಕ್ಕೆ ಹೊತ್ತು ಬೇಕಾಯಿತೆಂದು ಕಾಣುತ್ತದೆ.

"ನೀಲಂದು" ಎಂದರು ಕೊನೆಗೆ. "ಎರಡೂನೂ."

ಮಾಯಿಗೌಡರು ಕೋಲು ಕೆಳಗಿಟ್ಟು, ಗೋಡೆಗೊರಗಿ ಕೂತು, ಚೀಲದಿಂದ ನಿಯಮದ ಪುಸ್ತಕ ತೆಗೆದರು. ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದರು. ಒಬ್ಬರಿಗೆ ಎರಡು ಹಾಸಿಗೆ ಕೊಡಬಾರದು ಎಂದು ಎಲ್ಲೂ ಇರಲಿಲ್ಲ. ಕೊಡಬಹುದು ಎಂದೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ. ಜೋಡಿಯ ನಿಯಮವನ್ನು ಅವರು ಎರಡು ಸಲ ಓದಿದರು. ಕೆಳಗಿನವರ ಹೆಸರಿನಲ್ಲಿ ಮೇಲಿನವರು. ಪೆನ್ನು ತೆಗೆದು, ಬರೆಯುವಾಗ ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾ, ಕೆಳಗೆ ನೀಲಾಂಬಿಕೆ, ಮೇಲೆ ನೀಲಾಂಬಿಕೆ, ನೀಲಾಂಬಿಕೆಯ ಹೆಸರಿನಲ್ಲಿ ಎಂದು ಬರೆದರು.

"ಒಂದು ತೊಂದ್ರೆ ಐತಲ್ಲ ಬಸಪ್ಪನೋರೇ" ಎಂದರು ಮಾಯಿಗೌಡರು. "ಮಾಮೂಲಿ ಇಲ್ದಿದ್ದಕ್ಕೆಲ್ಲ ಪಕ್ಕದಾಗೆ ಕಾರಣ ಬರೀಬೇಕು. ಒಬ್ರಿಗೆ ಎರಡು ಹಾಸಿಗೆ ಯಾಕೆ ಅಂತ ಸಾಹೇಬ್ರು ಕೇಳಿದ್ರೆ ಏನು ಹೇಳ್ಲಿ?"

ಮಾವ ಗಾಳಿ ಬೀಸುವುದನ್ನು ನಿಲ್ಲಿಸಿದರು. ದಾಕ್ಷಾಯಿಣಿ ನನ್ನನ್ನು ನೋಡಿದಳು. ಎಂ.ಎ.ಗೆ ಬರೆದ ಪ್ರಬಂಧದಲ್ಲಿ ನಾನು ಒಂದು ರಾಜಮನೆತನ ಬಿದ್ದದ್ದಕ್ಕೆ ಹದಿನೇಳು ಕಾರಣ ಕೊಟ್ಟಿದ್ದೆ. ಇದಕ್ಕೆ ಒಂದೂ ಹೊಳೆಯಲಿಲ್ಲ.

"ಹೊರಳಾಡ್ತಾಳೆ" ಎಂದರು ಅತ್ತೆ.

"ಏನಮ್ಮ?"

"ನಿದ್ದೇಲಿ ಹೊರಳಾಡ್ತಾಳೆ ಅಂದೆ. ಒಂದು ಹಾಸಿಗೆ ಸಾಲಲ್ಲ ಅವಳಿಗೆ. ಬರ್ಕೊಳ್ಳಿ."

ಮಾಯಿಗೌಡರು ಬರೆದುಕೊಂಡರು. ಮೇಲಿನಿಂದ ಕೆಳಕ್ಕೆ ಹೇಗೆ ಹೊರಳಾಡುತ್ತಾರೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಮೀಸೆಯ ಕೆಳಗೆ ಸ್ವಲ್ಪ ನಕ್ಕ ಹಾಗೆ ಕಂಡಿತು. ಪುಸ್ತಕದ ಮೇಲೆ ಮುದ್ರೆ ಒತ್ತಿ, ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ವೇಳಾಪಟ್ಟಿ ಯಾವಾಗ ಎಂದು ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ ಎಂದು ಹೇಳಿ ಸೈಕಲ್ಲು ಹತ್ತಿದರು.

ಹೊತ್ತು ಮುಳುಗಿ ಗೆರೆವಾಸ ಮುಗಿದರೂ ಗೆರೆ ಒರೆಸುವ ಕೆಲಸ ಅವತ್ತು ಯಾರೂ ಮಾಡಲಿಲ್ಲ. ನಾನು ಬೀಗದ ಕೈಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು, ಹಿತ್ತಲಿನಿಂದ ಸುತ್ತಿಕೊಂಡು ಹೋಗಿ ಮನೆಮನೆಗೆ ವಾಪಸ್ಸು ಕೊಟ್ಟು ಬಂದೆ. ಕೆಂಚವ್ವ ಬೇಜಾರು ಮಾಡಿಕೊಂಡರು. ಕೋಳಿಯನ್ನೂ ಹಡಗಿಗೆ ಹತ್ತಿಸಬಹುದೇನೋ ವಿಚಾರಿಸಿ ನೋಡಿ ಎಂದು ಹೇಳಿದೆ. ನಾಲ್ಕು ಹೆಪ್ಪುಗಳಲ್ಲಿ ಎರಡು ಆಗಲೇ ಬೆರೆತುಹೋಗಿದ್ದವು. ಅದನ್ನು ಹೇಳಲಿಲ್ಲ.

ವಾಪಸ್ಸು ಬಂದಾಗ ಅತ್ತೆ ತಮ್ಮ ಬಿಳಿ ಗೆರೆಯಲ್ಲೇ ಕಾಲು ಚಾಚಿ ಕೂತು, ಅದೇ ನೂಲನ್ನು ಮೊದಲಿನಿಂದ ಸುತ್ತುತ್ತಿದ್ದರು. ನಾನು ಹೋಗಿ ನನ್ನ ಹಾಸಿಗೆಯಲ್ಲಿ ಕೂತೆ. ಮೇಲೋ ಕೆಳಗೋ ಅವರು ಕೇಳಲಿಲ್ಲ. ನಾವಿಬ್ಬರೇ ಹಾಗೆ ಅಕ್ಕಪಕ್ಕ ಕೂತು ಎಷ್ಟೋ ದಿನವಾಗಿತ್ತು. ಅವರ ಮಗ ಹೋದ ಮೇಲೆ ನಾನು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ, ಅವರು ಕೆಳಗೆ ನಡುಮನೆಯಲ್ಲಿ.

"ಅತ್ತೆ, ನಾನು ನಿಜವಾಗ್ಲೂ ಹೊರಳಾಡ್ತೀನಾ?" ಎಂದು ಕೇಳಿದೆ.

ಅವರು ನೂಲಿನ ಎಳೆಯನ್ನು ಹಲ್ಲಿನಿಂದ ಕಡಿದರು.

"ನಂಗೇನು ಗೊತ್ತು" ಎಂದರು. "ಹಡಗಲ್ಲಿ ನೋಡಿ ಹೇಳ್ತೀನಿ."